ಟೋಪಿಯೊಳಗಿನ ಕೈ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ನೋಡಿದ ಕೂಡಲೇ ಫೋನ್ ಮಾಡೋಣ ಅಂದುಕೊಂಡೆ. ಮಾಡಿದರೆ ‘ಹೂಂ ದೊಡ್ಡಮ್ಮ, ಆಯ್ತು ದೊಡ್ಡಮ್ಮ’ ಅಂತ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯಲು ಕೂತಿದ್ದೇನೆ. ಟೈಪು ಮಾಡಿಯೇ ಕಳಿಸುತ್ತಿದ್ದೇನೆ, ಹೆಡ್‌ಫೋನ್ ಹಾಕಿಕೊಂಡು ಫೋನಿನಿಂದಲೇ ಓದಿಸಿಕೊಂಡು ಕೇಳು. ಹಾಸ್ಟೆಲಿನ ಆ ಮಂಕು ದೀಪದಲ್ಲಿ ಪರದೆಗೆ ಮೂಗು ತಾಗಿಸಿ ಓದಬೇಡ.

ನೀನು ಎರಡು ವಿಷಯ ಬರೆದಿದ್ದೆ. ತರಗತಿಯಲ್ಲಿ ಯಾರೋ ‘ಹ್ಯಾಂಡಿಕ್ಯಾಪ್’ ಪದ ಹುಟ್ಟಿದ ಕಥೆ ಹೇಳಿದರಂತೆ. ಇಂಗ್ಲೆಂಡಿನಲ್ಲಿ ಹೆನ್ರಿ ಎಂಬ ರಾಜ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಬೀದಿಯಲ್ಲಿ ತಿರಿದು ತಿನ್ನಲು ಅಪ್ಪಣೆ ಕೊಟ್ಟನಂತೆ, ಅವರು ಟೋಪಿ ಒಡ್ಡಿ ಬೇಡುತ್ತಿದ್ದರಂತೆ, ಅದರಿಂದ ಈ ಹೆಸರಂತೆ. ಆಗ ಎಲ್ಲರೂ ನಿನ್ನ ಕಡೆ ತಿರುಗಿದ್ದು ಕಣ್ಣಿಗೆ ಕಾಣದಿದ್ದರೂ ಗೊತ್ತಾಯಿತು ಅಂತ ಬರೆದಿದ್ದೀಯ. ಎರಡನೆಯದು ಕೊನೆಯ ಒಂದೇ ಸಾಲು. ಕಳೆದ ಪರೀಕ್ಷೆಯಲ್ಲಿ ಉಳಿದವರೆಲ್ಲ ಎದ್ದು ಹೋದ ಮೇಲೆ, ಕೋಣೆಯಲ್ಲಿ ನಿನಗೊಬ್ಬಳಿಗಾಗಿ ಕಾಯುತ್ತಿದ್ದ ಮೇಲ್ವಿಚಾರಕರಿಗೆ ತೊಂದರೆಯಾಗಬಾರದು ಅಂತ ನಿನ್ನ ಹೆಚ್ಚುವರಿ ಸಮಯದಲ್ಲಿ ನಲವತ್ತು ನಿಮಿಷ ಇರುವಾಗಲೇ ಉತ್ತರಪತ್ರಿಕೆ ಕೊಟ್ಟು ಬಂದೆಯಂತೆ. ನಿನಗೆ ಮೊದಲನೆಯದು ದೊಡ್ಡದು. ನನಗೆ ಎರಡನೆಯದು. ಎರಡಕ್ಕೂ ನಂಟಿದೆ ಅಂತ ನನಗೆ ಅನ್ನಿಸುತ್ತದೆ, ಅದನ್ನೇ ಹೇಳಬೇಕು.

ಮೊದಲು ಆ ಕಥೆ. ಅದು ಸುಳ್ಳು. ಇಂಗ್ಲಿಷ್ ಪಾಠ ಮಾಡಿಕೊಂಡೇ ಜೀವಮಾನ ಕಳೆದವಳು ನಾನು, ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ, ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಅದನ್ನು ತಳ್ಳಿಹಾಕಲು ದೊಡ್ಡ ಪಾಂಡಿತ್ಯ ಬೇಡ. ಬೇಡುವವನು ಟೋಪಿಯನ್ನು ಕೈಯಲ್ಲಿ ಹಿಡಿಯುತ್ತಾನೆ. ಈ ಪದದಲ್ಲಿರುವುದು ‘ಹ್ಯಾಂಡ್ ಇನ್ ಕ್ಯಾಪ್’, ಟೋಪಿಯ ಒಳಗೆ ಹಾಕಿದ ಕೈ. ಇನ್ನೊಂದು, ಈ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಂಗವೈಕಲ್ಯ ಇರುವ ಯಾರಿಗೂ ಅದನ್ನು ಯಾರೂ ಬಳಸಿರಲಿಲ್ಲ. ಭಿಕ್ಷೆಯಿಂದ ಹುಟ್ಟಿದ ಪದವಾಗಿದ್ದರೆ ಅಷ್ಟು ಕಾಲ ಎಲ್ಲಿ ಅಡಗಿತ್ತು?

ಅದು ಒಂದು ಆಟದ ಹೆಸರು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿ ಬರೆಯುತ್ತಿದ್ದನಲ್ಲ, ಅವನು 1660ರ ಸೆಪ್ಟೆಂಬರ್ 18ರಂದು ವುಡ್ ಸ್ಟ್ರೀಟಿನ ಮೈಟರ್ ಎಂಬ ಪಾನಗೃಹದಲ್ಲಿ ಗೆಳೆಯರ ಜೊತೆ ಹ್ಯಾಂಡಿಕ್ಯಾಪ್ ಆಡಿದ್ದನ್ನು ಬರೆದುಕೊಂಡಿದ್ದಾನೆ. ಅಲ್ಲಿಯತನಕ ಅವನಿಗೆ ಆ ಆಟ ಗೊತ್ತಿರಲಿಲ್ಲ, ಆಡಿ ಖುಷಿಪಟ್ಟ. ಆಟದ ಕ್ರಮ ಹೇಳುತ್ತೇನೆ, ನಿಧಾನವಾಗಿ ಕೇಳು, ಅದರಲ್ಲಿ ಒಂದು ಸೊಗಸಿದೆ.

ಇಬ್ಬರಿಗೆ ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವ ಆಸೆ. ಒಬ್ಬನ ಹತ್ತಿರ ಗಡಿಯಾರ, ಇನ್ನೊಬ್ಬನ ಹತ್ತಿರ ನಿಲುವಂಗಿ ಅಂತ ಇಟ್ಟುಕೋ. ಎರಡೂ ಸಮ ಬೆಲೆಯವಲ್ಲ. ಆಗ ಮೂರನೆಯವನೊಬ್ಬನನ್ನು ಮಧ್ಯಸ್ಥನಾಗಿ ಕೂರಿಸುತ್ತಾರೆ. ಮೂವರೂ ಒಂದಿಷ್ಟು ಪಣದ ಕಾಸನ್ನು ಟೋಪಿಯಲ್ಲಿ ಹಾಕುತ್ತಾರೆ. ಮಧ್ಯಸ್ಥ ಎರಡೂ ವಸ್ತುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ನಿಲುವಂಗಿಯವನು ಇಷ್ಟು ಹಣ ಮೇಲೆ ಸೇರಿಸಿ ಕೊಟ್ಟರೆ ಸರಿಹೋಗುತ್ತದೆ ಅಂತ ಹೇಳುತ್ತಾನೆ. ವಸ್ತುವಿನ ಒಡೆಯರಿಬ್ಬರೂ ಟೋಪಿಯೊಳಗೆ ಕೈ ಹಾಕಿ ಒಟ್ಟಿಗೇ ಹೊರಗೆ ತೆಗೆಯುತ್ತಾರೆ. ಒಪ್ಪಿಗೆಯೋ ಇಲ್ಲವೋ ಅನ್ನುವುದು ಆ ಕೈಯಿಂದಲೇ ತಿಳಿಯಬೇಕು, ಬಾಯಿಂದ ಒಂದು ಮಾತಿಲ್ಲ. ಇಬ್ಬರೂ ಒಪ್ಪಿದರೆ ಬದಲಾವಣೆ ನಡೆಯುತ್ತದೆ, ಪಣದ ಕಾಸು ಮಧ್ಯಸ್ಥನಿಗೆ. ಇಬ್ಬರೂ ಒಲ್ಲೆ ಅಂದರೆ ಬದಲಾವಣೆ ಇಲ್ಲ, ಕಾಸು ಆಗಲೂ ಮಧ್ಯಸ್ಥನಿಗೇ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಕಾಸು ಒಪ್ಪಿದವನ ಪಾಲು, ಮಧ್ಯಸ್ಥ ಬರಿಗೈ.

ಇದರ ಒಳಗುಟ್ಟು ಗೊತ್ತಾಯಿತಾ? ಮಧ್ಯಸ್ಥ ಯಾರಾದರೊಬ್ಬರ ಪಕ್ಷ ವಹಿಸಿ ಬೆಲೆ ಕಟ್ಟಿದರೆ ಇನ್ನೊಬ್ಬ ತಪ್ಪದೆ ನಿರಾಕರಿಸುತ್ತಾನೆ, ಮಧ್ಯಸ್ಥನಿಗೆ ಚಿಕ್ಕಾಸೂ ಸಿಗುವುದಿಲ್ಲ. ಅವನ ತೂಕ ಇಬ್ಬರಿಗೂ ಒಂದೇ ತರಹ ಕಾಣಿಸಿದರೆ ಮಾತ್ರ ಅವನಿಗೆ ಲಾಭ. ನ್ಯಾಯವಾಗಿ ಇರುವುದೇ ಲಾಭದ ದಾರಿಯಾಗುವ ಹಾಗೆ ಆಟವನ್ನು ಕಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಲ್ಯಾಂಗ್ಲೆಂಡ್ ಎಂಬ ಕವಿ ಬರೆದ ‘ಪಿಯರ್ಸ್ ಪ್ಲೋಮನ್’ ಕಾವ್ಯದಲ್ಲಿ ಈ ತರಹದ್ದೇ ಅದಲುಬದಲಿನ ಒಂದು ಪ್ರಸಂಗವಿದೆ. ಪಾನಗೃಹದಲ್ಲಿ ಚಮ್ಮಾರನೊಬ್ಬನ ನಿಲುವಂಗಿಗೂ ಕುದುರೆ ನೋಡಿಕೊಳ್ಳುವವನೊಬ್ಬನ ತಲೆಯುಡುಗೆಗೂ ಬದಲಾವಣೆ. ಬೆಲೆಯಲ್ಲಿ ಒಮ್ಮತ ಬರದೆ ಹಗ್ಗ ಹೊಸೆಯುವವನೊಬ್ಬನನ್ನು ಮಧ್ಯಸ್ಥನಾಗಿ ಎಬ್ಬಿಸುತ್ತಾರೆ. ಅವನಿಗೆ ಅಲ್ಲಿ ಬಳಸಿರುವ ಪದವೇ ಮುಂದೆ ‘ಅಂಪೈರ್’ ಆಯಿತು. ಅದರ ಮೂಲ ಹಳೆಯ ಫ್ರೆಂಚಿನದು, ‘ಜೋಡಿಯಲ್ಲದವನು’, ಅಂದರೆ ಎರಡೂ ಕಡೆಗೆ ಸೇರದ ಮೂರನೆಯವನು ಅಂತ ಅರ್ಥ. ನಿನ್ನ ತಮ್ಮ ದಿನಾ ಕ್ರಿಕೆಟ್ಟಿನಲ್ಲಿ ಬೈಯುವ ಅಂಪೈರ್ ಅಲ್ಲಿಂದ ಬಂದವನು ಅಂತ ಅವನಿಗೂ ಹೇಳು.

ಆಟ ಅಲ್ಲಿಂದ ಕುದುರೆ ಬಯಲಿಗೆ ಹೋಯಿತು. ಒಂದು ಬಲವಾದ ಕುದುರೆ, ಒಂದು ಸಾಧಾರಣ ಕುದುರೆ. ಹಾಗೇ ಓಡಿಸಿದರೆ ಫಲ ಮೊದಲೇ ಗೊತ್ತು, ಪಂದ್ಯವೇ ಅಲ್ಲ. ಆದ್ದರಿಂದ ಬಲವಾದ ಕುದುರೆ ಎಷ್ಟು ಹೆಚ್ಚು ಭಾರ ಹೊರಬೇಕು ಅಂತ ಮಧ್ಯಸ್ಥ ಹೇಳುತ್ತಿದ್ದ, ಒಡೆಯರು ಟೋಪಿಗೆ ಕೈ ಹಾಕಿ ಒಪ್ಪಿಗೆ ತಿಳಿಸುತ್ತಿದ್ದರು. ಹದಿನೆಂಟನೆಯ ಶತಮಾನದ ನಡುವಿನ ಹೊತ್ತಿಗೆ ಇಂಥ ಪಂದ್ಯಕ್ಕೆ ಹ್ಯಾಂಡಿಕ್ಯಾಪ್ ಅನ್ನುವ ಹೆಸರು ನಿಂತಿತ್ತು. 1791ರಲ್ಲಿ ಆಸ್ಕಾಟ್‌ನಲ್ಲಿ ಅನೇಕ ಕುದುರೆಗಳಿಗೆ ಹೀಗೆ ಬೇರೆ ಬೇರೆ ಭಾರ ಹೊರಿಸಿ ಓಟ್‌ಲ್ಯಾಂಡ್ಸ್ ಪಂದ್ಯ ನಡೆಯಿತು. ಆಮೇಲೆ ಟೋಪಿ ಹೋಯಿತು, ಹೆಸರು ಉಳಿಯಿತು.

ಇದು ನಮಗೆ ದೂರದ್ದೇನಲ್ಲ. ಚಾಮುಂಡಿ ಬೆಟ್ಟದ ಬುಡದಲ್ಲಿರುವ ನಮ್ಮ ರೇಸ್‌ಕೋರ್ಸಿನಲ್ಲಿ ಇವತ್ತಿಗೂ ಹ್ಯಾಂಡಿಕ್ಯಾಪ್ ಪಂದ್ಯಗಳೇ ಹೆಚ್ಚು. ನಿಮ್ಮ ತಾತ ದುಡ್ಡು ಕಟ್ಟುತ್ತಿರಲಿಲ್ಲ, ಆದರೆ ರೇಸ್ ಪುಸ್ತಕ ತಂದು ಕುದುರೆಗಳ ಹೆಸರಿನ ಮುಂದಿದ್ದ ಭಾರದ ಅಂಕಿಗಳನ್ನು ಬೆರಳಿಟ್ಟು ನನಗೆ ತೋರಿಸುತ್ತಿದ್ದರು. ಕ್ಲಬ್ಬಿನಲ್ಲಿ ಹ್ಯಾಂಡಿಕ್ಯಾಪರ್ ಅಂತಲೇ ಒಬ್ಬ ಅಧಿಕಾರಿ ಇರುತ್ತಾನೆ, ಹಿಂದಿನ ಓಟಗಳನ್ನು ನೋಡಿ ಯಾವ ಕುದುರೆಗೆ ಎಷ್ಟು ಕಿಲೋ ಅಂತ ನಿಗದಿ ಮಾಡುತ್ತಾನೆ. ಓಟಕ್ಕೆ ಮುಂಚೆ ಜಾಕಿ ತಡಿಯ ಸಮೇತ ತಕ್ಕಡಿ ಮೇಲೆ ಕೂರಬೇಕು. ಕಡಿಮೆ ಬಿದ್ದರೆ ತಡಿಯ ಬಟ್ಟೆಯ ಜೇಬಿಗೆ ಸೀಸದ ಪಟ್ಟಿ ತುರುಕಿ ಭಾರ ಸರಿಮಾಡುತ್ತಾರೆ. ಓಟ ಮುಗಿದ ಮೇಲೆ ಇನ್ನೊಮ್ಮೆ ತೂಗುತ್ತಾರೆ, ದಾರಿಯಲ್ಲಿ ಯಾರೂ ಸೀಸ ಎಸೆದಿಲ್ಲ ಅಂತ ಖಾತ್ರಿಯಾಗಬೇಕಲ್ಲ. ಆಸ್ಟ್ರೇಲಿಯಾದಲ್ಲಿ ಫಾರ್ ಲ್ಯಾಪ್ ಅಂತ ಒಂದು ಕುದುರೆ ಇತ್ತು. 1930ರಲ್ಲಿ ಸುಮಾರು 62.5 ಕಿಲೋ ಹೊತ್ತು ಮೆಲ್ಬರ್ನ್ ಕಪ್ ಗೆದ್ದಿತು. ಮರುವರ್ಷ ಅದರ ಬೆನ್ನಿಗೆ 68 ಕಿಲೋ ಹಾಕಿದರು, ಎಂಟನೆಯದಾಗಿ ಬಂತು.  ಆ ಸೋಲಿನಲ್ಲಿ ಭಾರದ ಪಾಲು ದೊಡ್ಡದು. ಅಷ್ಟು ದೊಡ್ಡ ಕುದುರೆಯಾದರೂ, ಹೆಚ್ಚಾದದ್ದು ಐದೂವರೆ ಕಿಲೋ.

ಪುಟ್ಟಿ, ಇಲ್ಲಿ ಗಮನಿಸು. ಹ್ಯಾಂಡಿಕ್ಯಾಪ್ ಬೀಳುತ್ತಿದ್ದುದು ಬಲಶಾಲಿಯ ಮೇಲೆ. ಅದು ಕೊರತೆಯ ಹೆಸರಾಗಿರಲಿಲ್ಲ. ಸಮನಲ್ಲದವರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸುವಾಗ ನ್ಯಾಯಕ್ಕಾಗಿ ಮಾಡುವ ಲೆಕ್ಕದ ಹೆಸರಾಗಿತ್ತು. ಆಮೇಲೆ ಪದ ಜಾರಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಯಾವುದೇ ಅಡ್ಡಿಗೆ, ಹೊರೆಗೆ ಜನ ಹ್ಯಾಂಡಿಕ್ಯಾಪ್ ಅನ್ನತೊಡಗಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾಲು ಬಾರದ, ಕಣ್ಣು ಕಾಣದ ಮಕ್ಕಳಿಗೆ ಅದನ್ನು ಅಂಟಿಸಿದರು. ಗೆಲ್ಲುವ ಕುದುರೆಯ ಮೇಲಿದ್ದ ಭಾರ ಎಲ್ಲರಿಗಿಂತ ಹಿಂದೆ ನಿಂತ ಮಗುವಿನ ಹೆಸರಾಗಿಬಿಟ್ಟಿತು. ಇಷ್ಟರಲ್ಲಿ ಮಧ್ಯಸ್ಥನೂ ಚಿತ್ರದಿಂದ ಮಾಯ. ಸೀಸವನ್ನು ತಡಿಗೆ ಹಾಕಿದವರು ಯಾರು ಅಂತ ಕುದುರೆ ಪಂದ್ಯದಲ್ಲಿ ಕೇಳಬಹುದಿತ್ತು. ಮಗುವಿನ ವಿಷಯಕ್ಕೆ ಬಂದಾಗ ಆ ಪ್ರಶ್ನೆ ಕೇಳುವವರಿಲ್ಲ. ಭಾರ ಮೈಯಲ್ಲೇ ಹುಟ್ಟಿದ್ದು ಅಂತ ತೀರ್ಮಾನ.

ಭಿಕ್ಷೆಯ ಕಥೆ ಸುಳ್ಳಾದರೂ ಯಾಕೆ ಎಲ್ಲರಿಗೂ ಅಷ್ಟು ಬೇಗ ನಿಜ ಅನ್ನಿಸುತ್ತದೆ ಅನ್ನುವುದಕ್ಕೆ ಕಾರಣ ಇದೇ ಇರಬೇಕು. ಕಣ್ಣಿಲ್ಲದವರು, ಕಾಲಿಲ್ಲದವರು ಅಂದರೆ ದೇವಸ್ಥಾನದ ಮೆಟ್ಟಿಲ ಬಳಿ ಕೂತವರು ಅಂತ ಜನರ ಮನಸ್ಸಿನಲ್ಲಿ ಮೊದಲೇ ಚಿತ್ರವಿದೆ. ಆ ಚಿತ್ರಕ್ಕೆ ಸರಿಹೊಂದುವ ಕಥೆ ಸಿಕ್ಕಿದರೆ ಯಾರೂ ಪರೀಕ್ಷಿಸುವುದಿಲ್ಲ. ನಿನ್ನ ಸಹಪಾಠಿಗೆ ಕೇಡಿನ ಬುದ್ಧಿ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ನೀನು ಅದನ್ನು ನಂಬಿಕೊಂಡು ರಾತ್ರಿಯೆಲ್ಲ ನಿದ್ದೆಗೆಡುವುದು ನನಗೆ ಸಹಿಸಲಾಗದ್ದು.

ಭಾರ ಹಾಕಿದವರು ಯಾರು ಅನ್ನುವ ಆ ಪ್ರಶ್ನೆಯನ್ನು ಕೇಳಿದವರೂ ಇದ್ದಾರೆ. ಪಾಲ್ ಹಂಟ್ ಅಂತ ಒಬ್ಬರು, ಸ್ನಾಯು ಕ್ಷೀಣಿಸುವ ಕಾಯಿಲೆ ಇದ್ದವರು, ಇಂಗ್ಲೆಂಡಿನ ಒಂದು ಆಶ್ರಯಧಾಮದಲ್ಲಿ ವರ್ಷಗಟ್ಟಲೆ ಇದ್ದವರು. 1972ರಲ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಓಲೆ ಬರೆದು, ನಮ್ಮಂಥವರು ಒಟ್ಟುಗೂಡೋಣ ಅಂತ ಕರೆಕೊಟ್ಟರು. ಆ ಒಂದು ಓಲೆಯಿಂದ ಒಂದು ಸಂಘಟನೆ ಹುಟ್ಟಿತು. ಆ ಸಂಘಟನೆ 1976ರಲ್ಲಿ ತನ್ನ ಮೂಲತತ್ವಗಳನ್ನು ಪ್ರಕಟಿಸಿ, ಮೈಯಲ್ಲಿರುವ ಊನ ಬೇರೆ, ಸಮಾಜ ಅದರ ಮೇಲೆ ಹೇರುವ ಅಡ್ಡಿ ಬೇರೆ ಅಂತ ಬಿಡಿಸಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಅಂಗದ ಕೊರತೆ, ಕೆಲಸ ಮಾಡುವ ಶಕ್ತಿಯ ಕೊರತೆ, ಬದುಕಿನಲ್ಲಿ ಅದರಿಂದಾಗುವ ಹಿನ್ನಡೆ ಅಂತ ಮೂರು ಮಾಡಿ, ಮೂರನೆಯದಕ್ಕೆ ಹ್ಯಾಂಡಿಕ್ಯಾಪ್ ಅನ್ನುವ ಹೆಸರಿಟ್ಟಿತ್ತು. 2001ರ ಹೊಸ ವರ್ಗೀಕರಣದಲ್ಲಿ ಆ ಪದವನ್ನೇ ಕೈಬಿಟ್ಟಿತು.

ನಮ್ಮಲ್ಲಿ ಇದಕ್ಕೆ ಎಷ್ಟೋ ಕಾಲದಿಂದ ಒಂದು ಒಳ್ಳೆಯ ಪದ ಇದೆ, ಯಾರೂ ಅದರ ಒಳಗೆ ಇಣುಕುವುದಿಲ್ಲ. ‘ಅನನುಕೂಲ’. ಸಂಸ್ಕೃತದಲ್ಲಿ ಕೂಲ ಅಂದರೆ ಹೊಳೆಯ ದಡ. ಅನುಕೂಲ ಅಂದರೆ ದಡವನ್ನು ಅನುಸರಿಸಿ ಹೋಗುವುದು, ಪ್ರತಿಕೂಲ ಅಂದರೆ ಅದಕ್ಕೆ ಎದುರಾಗಿ. ಈಜುವವನ ತೋಳಿನ ಬಗ್ಗೆ ಆ ಪದದಲ್ಲಿ ಒಂದಕ್ಷರವೂ ಇಲ್ಲ, ದಡ ಹೇಗಿದೆ, ಇಳಿಜಾರು ಯಾವ ಕಡೆಗಿದೆ ಅನ್ನುವುದಷ್ಟೇ ಇದೆ. ನನ್ನನ್ನೇ ನೋಡು, ನನಗೆ ಪೋಲಿಯೊ ಬಂದದ್ದು ಮೂರನೇ ವಯಸ್ಸಿನಲ್ಲಿ. ಕಬ್ಬಿಣದ ಸರಳು, ತೊಗಲಿನ ಪಟ್ಟಿ, ಬೂಟು ಸೇರಿದ ಆ ಕ್ಯಾಲಿಪರ್ ಹಾಕಿಕೊಂಡೇ ನಾನು ಓದಿದೆ, ನೌಕರಿ ಮಾಡಿದೆ. ಮಳೆಗಾಲದಲ್ಲಿ ಒದ್ದೆಯಾದ ತೊಗಲು ಮೊಣಕಾಲಿನ ಹತ್ತಿರ ಉಜ್ಜಿ ಉಜ್ಜಿ ಹುಣ್ಣಾಗುತ್ತಿತ್ತು. ಆ ಹುಣ್ಣು ನನ್ನ ಮೈಯದು, ಅದನ್ನು ಸಮಾಜದ ತಲೆಗೆ ಕಟ್ಟಲಾರೆ. ಆದರೆ ನಾನಿದ್ದ ಒಂದು ಕಾಲೇಜಿನಲ್ಲಿ ನನ್ನ ತರಗತಿಗಳನ್ನೆಲ್ಲ ಎರಡನೇ ಮಹಡಿಗೆ ಹಾಕಿದ್ದರು. ಕೆಳಗಿನ ಕೋಣೆ ಕೊಡಿ ಅಂತ ಕೇಳಿದಾಗ, ‘ಮೇಡಂ, ನಿಮ್ಮೊಬ್ಬರಿಗೆ ರಿಯಾಯಿತಿ ಕೊಟ್ಟರೆ ಉಳಿದವರು ಏನಂದಾರು’ ಅಂದರು. ಕೋಣೆ ಬದಲಾಯಿಸಲು ಒಂದು ಪೈಸೆ ಖರ್ಚಿರಲಿಲ್ಲ. ಕೆಳಗೆ ಪಾಠ ಮಾಡುತ್ತಿದ್ದವರು ಮೇಲೆ ಹತ್ತಬಲ್ಲವರೇ. ಆ ಮೆಟ್ಟಿಲುಗಳು ನನ್ನ ಕಾಲಿನಲ್ಲಿರಲಿಲ್ಲ, ವೇಳಾಪಟ್ಟಿಯಲ್ಲಿದ್ದವು. ಎರಡು ವರ್ಷ ಹತ್ತಿದೆ. ಆ ಸಿಟ್ಟು ಇನ್ನೂ ಆರಿಲ್ಲ, ಆರಬೇಕು ಅಂತಲೂ ನನಗೆ ಅನ್ನಿಸಿಲ್ಲ.

ಕನ್ನಡದ ಸರ್ಕಾರಿ ಪದಗಳ ಬಗ್ಗೆಯೂ ಹಿಂದೊಮ್ಮೆ ಕೇಳಿದ್ದೆ. ವಿಕಲ ಅಂದರೆ ಕಲೆ ತಪ್ಪಿದ್ದು. ಚಂದ್ರನಿಗೆ ಹದಿನಾರು ಕಲೆ ಅನ್ನುತ್ತೇವಲ್ಲ, ಆ ಕಲೆ, ಒಂದು ಅಂಶ. ಅಂಗವಿಕಲ ಅಂದರೆ ಅಂಗದಲ್ಲಿ ಒಂದು ಅಂಶ ಕಡಿಮೆ ಇರುವವರು. ಕೇಳಲು ಹಿತವಲ್ಲದಿದ್ದರೂ ಇರುವುದನ್ನು ಹೇಳುತ್ತದೆ. ಅದನ್ನು ಮೃದು ಮಾಡಲು ಹೋಗಿ ‘ವಿಕಲಚೇತನ’ ಅಂತ ಮಾಡಿದರು, ಇಲಾಖೆಯ ಫಲಕದ ಮೇಲೂ ಈಗ ಅದೇ ಇದೆ. ಆದರೆ ಬಿಡಿಸಿ ನೋಡಿದರೆ ಚೇತನವೇ ಕುಂದಿದೆ ಅಂತಾಗುತ್ತದೆ. ನನ್ನ ಕಾಲು ಕುಂದಿದೆ, ನಿನ್ನ ಕಣ್ಣು ಮಂದವಾಗಿದೆ, ಚೇತನಕ್ಕೆ ಏನಾಗಿದೆ? 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ‘ದಿವ್ಯಾಂಗ’ ಪದವನ್ನು ಮುಂದಿಟ್ಟರು. ಅದರ ಹಿಂದಿನ ಭಾವನೆ ಒಳ್ಳೆಯದೇ ಇರಬಹುದು, ನನಗೆ ಮಾತ್ರ ಅದು ಒಗ್ಗುವುದಿಲ್ಲ. ದಿವ್ಯವಾದ ಅಂಗಕ್ಕೆ ಇಳಿಜಾರು ದಾರಿ ಯಾಕೆ, ಕೈಹಿಡಿ ಕಂಬಿ ಯಾಕೆ ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ. ‘ನನಗೆ ಮಂದದೃಷ್ಟಿ ಇದೆ’ ಅಂತ ನೀನು ಹೇಳುತ್ತೀಯಲ್ಲ, ಹಾಗೆ ಇರುವುದನ್ನು ಇರುವ ಹಾಗೆ ಹೇಳುವುದು ನನಗೆ ಇಷ್ಟ.

ಪದಗಳ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ನೀನಿರುವ ಧಾರವಾಡದ ಕಡೆ ಹೆಳವರು ಬರುತ್ತಾರೆ, ಯಾರನ್ನಾದರೂ ಕೇಳಿ ನೋಡು. ಹೆಳವ ಅಂದರೆ ಕಾಲಿಲ್ಲದವನು ಅಂತಲೇ ಅರ್ಥ. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಮುದಾಯ ಅದು. ಎತ್ತಿನ ಮೇಲೆ ಕೂತು, ಕಾಲನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುತ್ತಿದ್ದರು ಅಂತ ಜನಾಂಗಗಳ ಅಧ್ಯಯನ ಮಾಡಿದ ಎಡ್ಗರ್ ಥರ್ಸ್ಟನ್ ನೂರು ವರ್ಷಗಳ ಹಿಂದೆಯೇ ದಾಖಲಿಸಿದ್ದಾನೆ. ಯಾರ ಮುತ್ತಜ್ಜ ಯಾರು, ಯಾವ ಊರಿಂದ ಬಂದವರು ಅಂತ ಊರಿನ ಗೌಡರು ಅವರ ಬಾಯಿಂದ ಕೇಳಿ ತಿಳಿಯಬೇಕಿತ್ತು. ಕುಂಟ, ಕುರುಡ ಅನ್ನುವ ಪದಗಳು ನಮ್ಮ ಬೀದಿಯಲ್ಲಿ ಬೈಗುಳವಾದವು. ಕುಂಟ ಅನ್ನುವ ಅರ್ಥದ್ದೇ ಆದ ಹೆಳವ ಅನ್ನುವ ಪದ ಬಾಗಿಲಲ್ಲಿ ಕೇಳಿಸಿದಾಗ ಜನ ಮೊರದಲ್ಲಿ ಕಾಳು ತುಂಬಿ ತಂದು, ಕೂತು ಕಿವಿಗೊಟ್ಟರು.

ಈಗ ಪರೀಕ್ಷೆಯ ಬಗ್ಗೆ ನೀನು ಬರೆದ ಆ ಒಂದು ಸಾಲಿಗೆ ಬರುತ್ತೇನೆ. ನಿನಗೆ ಸೀಟು ಸಿಕ್ಕಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ. ಅದರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದಾರೆ, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5ರಷ್ಟು ಸ್ಥಾನ, ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇಕಡಾ 4. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಬರವಣಿಗೆಯ ಸಹಾಯಕರನ್ನು ಪಡೆಯುವ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ, ಕಾನೂನು ಓದುವವಳು ನೀನು, ಪೂರ್ತಿ ಓದು. ಇಂಥ ಹೊಂದಾಣಿಕೆ ಮಾಡಿಕೊಡುವುದು ದಯೆಯಲ್ಲ, ಸಮಾನತೆಯ ಹಕ್ಕಿನ ಭಾಗ ಅನ್ನುವುದನ್ನು ಅಲ್ಲಿ ಬಿಡಿಸಿ ಹೇಳಿದ್ದಾರೆ.

ಆ ಒಂದು ಗಂಟೆಯನ್ನು ಯಾರೋ ನಿನ್ನ ಟೋಪಿಗೆ ಹಾಕಿದ ಕಾಸು ಅಂತ ತಿಳಿಯಬೇಡ. ಪ್ರಶ್ನೆಪತ್ರಿಕೆಯ ಅಕ್ಷರದ ಗಾತ್ರ ನಿಗದಿ ಮಾಡಿದವರು ಚೆನ್ನಾಗಿ ಕಾಣುವ ಕಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು. ಮೂರು ಗಂಟೆ ಸಾಕು ಅಂತ ಲೆಕ್ಕ ಹಾಕಿದವರೂ ಆ ಕಣ್ಣಿನ ವೇಗವನ್ನೇ ಅಳತೆ ಮಾಡಿಕೊಂಡರು. ಒಂದು ಸಾಲನ್ನು ನೀನು ಭೂತಗನ್ನಡಿಯಲ್ಲಿ ಪದ ಪದವಾಗಿ ಹಿಡಿದು, ಸಾಲಿನ ಕೊನೆ ತಲುಪಿ, ಮುಂದಿನ ಸಾಲಿನ ಶುರು ಎಲ್ಲಿ ಅಂತ ಹುಡುಕಿಕೊಂಡು ಎಡಕ್ಕೆ ವಾಪಸು ಬರುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಆ ಹುಡುಕಾಟಕ್ಕೆ ಹೋಗುವ ಹೊತ್ತು ನಿನ್ನ ಓದಿನಿಂದ, ನಿನ್ನ ಬುದ್ಧಿಯಿಂದ ಕಳೆಯಬೇಕಾದ ಹೊತ್ತಲ್ಲ. ಮಧ್ಯಸ್ಥ ಎರಡೂ ಕಡೆ ನೋಡಿ ಹೇಳಿದ ಅಂಕಿ ಅದು, 20 ನಿಮಿಷ. ನೀನು ನಲವತ್ತು ನಿಮಿಷ ಬಿಟ್ಟು ಎದ್ದು ಬಂದಾಗ ಮೇಲ್ವಿಚಾರಕರಿಗೆ ಉಪಕಾರವಾಗಲಿಲ್ಲ, ಅವರಿಗೆ ಆ ಕೂತ ಹೊತ್ತು ಕೆಲಸವೇ. ಕೊನೆಯ ಹತ್ತು ಅಂಕದ ಪ್ರಶ್ನೆಯನ್ನು ಅರ್ಧಕ್ಕೆ ನಿಲ್ಲಿಸಿದ್ದು ನೀನು.

ಮುಂದಿನ ಪರೀಕ್ಷೆಗೆ ಇವಿಷ್ಟು ಮಾಡು. ಹೆಚ್ಚುವರಿ ಸಮಯದ ಆದೇಶವನ್ನು ಬಾಯಿಮಾತಿನಲ್ಲಿ ಬಿಡದೆ, ಸಹಿ ಮೊಹರಿನೊಂದಿಗೆ ಮುಂಚಿತವಾಗಿ ತೆಗೆದುಕೋ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಎರಡು ಪ್ರತಿ ಚೀಲದಲ್ಲಿರಲಿ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬೇಕು ಅಂತ ಅರ್ಜಿಯಲ್ಲೇ ಬರೆ. ಮೇಲ್ವಿಚಾರಕರು ಗಡಿಯಾರ ನೋಡಿದರೆ ನೋಡಲಿ, ಬರೆಯುವುದು ಮುಗಿದಿದ್ದರೂ ಮೊದಲಿಂದ ಓದಿಕೋ, ಗಂಟೆ ಹೊಡೆಯುವ ತನಕ ಕೂತಿರು.

ನಿನ್ನಮ್ಮ ಚಟ್ನಿಪುಡಿ, ಹುರಿಗಾಳು ಕಟ್ಟಿಟ್ಟಿದ್ದಾಳೆ, ಭಾನುವಾರ ಬರುವ ಯಾರ ಕೈಲಾದರೂ ಕಳಿಸುತ್ತಾಳಂತೆ. ದೊಡ್ಡ ಅಕ್ಷರದ ಪತ್ರಿಕೆಯ ಅರ್ಜಿಗೆ ಕಾಲೇಜಿನವರು ಏನಂದರು ಅಂತ ತಿಳಿಸು. ಹಿಂದೆಮುಂದೆ ನೋಡಿದರೆ ಅರ್ಜಿಯ ಪ್ರತಿ ನನಗೆ ಕಳಿಸು, ನಾನೇ ಬರೆಯುತ್ತೇನೆ.

ನಿನ್ನ ದೊಡ್ಡಮ್ಮ